ಮುತ್ಯಾನನ್ನು ಸಾಯಿಸಿದ ಆಟ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಆಟ ಆಡಬಾರದೆಂದು ಕಾಯಿದೆ ಮಾಡಿದವನು ನಾನು. ಅದನ್ನು ದಿನಾಲೂ ಮುರಿದವನೂ ನಾನೇ. ಶಿಕ್ಷೆ ಅನುಭವಿಸಿದವಳು ನನ್ನ ಮಗಳು ಆಸ್ಮಾ, ಆಗ ಏಳನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ತಮ್ಮ ಕತೆ ಬರೆಯುವವರು ತಾವು ಬೆಳೆದ ಮನೆಯನ್ನು ನೆನೆಯುತ್ತಾರೆ. ನಾನು ನನ್ನ ಮಗಳು ಬೆಳೆದ ಮನೆಯನ್ನು ನೆನೆಯುತ್ತೇನೆ. ಆ ಹೊತ್ತಿಗೆ ನನಗೆ ನಲವತ್ತು ದಾಟಿತ್ತು, ಗಡ್ಡದಲ್ಲಿ ಬಿಳಿ ಕೂದಲು ಬಂದಿತ್ತು. ಆದರೂ ನಾನು ದೊಡ್ಡವನಾದದ್ದು ಆ ಮನೆಯಲ್ಲೇ, ಮಗಳ ಎದುರು ಸೋತ ಮೇಲೆ.

ಮನೆ ಇದ್ದದ್ದು ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದ ಹಿಂದಿನ ಒಂದು ಓಣಿಯಲ್ಲಿ. ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಮೂರು ಕೋಣೆ, ನೆಲಕ್ಕೆಲ್ಲ ಫರಸಿ ಕಲ್ಲು. ಮುಂದಿನ ಕೋಣೆ ಅಂಗಡಿ, ನಡುವಿನದು ಉಣ್ಣುವುದಕ್ಕೂ ಮಲಗುವುದಕ್ಕೂ, ಹಿಂದಿನದು ಅಡುಗೆಮನೆ. ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತು ವರ್ಷ ಒಂದು ಪ್ರೆಸ್ಸಿನಲ್ಲಿ ಸೀಸದ ಅಕ್ಷರ ಜೋಡಿಸಿದವನು ನಾನು. ಆ ಅಕ್ಷರಗಳನ್ನು ತೂಕಕ್ಕೆ ಮಾರಿದ ದಿನ ನನ್ನ ಕೆಲಸವೂ ಹೋಯಿತು. ಆಮೇಲೆ ಕಂಪ್ಯೂಟರ್ ಕಲಿತು, ಒಂದನ್ನು ಮನೆಗೇ ತಂದು, ಮದುವೆ ಕಾರ್ಡು ಕಂಪೋಸ್ ಮಾಡತೊಡಗಿದೆ. ಕನ್ನಡದ ಕಾರ್ಡನ್ನು ನಾನು ನೋಡಿಕೊಳ್ಳುತ್ತಿದ್ದೆ. ಉರ್ದು ಕಾರ್ಡಿನ ಪ್ರೂಫನ್ನು ನನ್ನ ಹೆಂಡತಿ ಶಮೀಮ್ ಒಲೆಯ ಮುಂದೆ ಕುಳಿತೇ ತಿದ್ದುತ್ತಿದ್ದಳು. ಕೆಲವು ಪ್ರೂಫುಗಳು ಅರಿಸಿನದ ಬೆರಳಚ್ಚು ಹೊತ್ತು ಬರುತ್ತಿದ್ದವು. ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನು ಕಂಪ್ಯೂಟರಿನ ಕಡೆಗೆ ತಿರುಗಿರುತ್ತಿತ್ತು. ಬೇಸಿಗೆಯಲ್ಲಿ ನಾವು ನಡುಮನೆಯಲ್ಲಿ ಬೆವರು ಸುರಿಸುತ್ತ ಜೋಳದ ರೊಟ್ಟಿ, ತೊಗರಿಬೇಳೆಯ ಹುಳಿ ಖಟ್ಟಾ ಉಣ್ಣುವಾಗ ಅದು ಮಾತ್ರ ತಣ್ಣಗೆ ಗಾಳಿ ಕುಡಿಯುತ್ತಿತ್ತು.

"ಮಗಳನ್ನ ಇಷ್ಟು ಜೋಪಾನ ಮಾಡಿದ್ರ ಆಕಿ ಕಲೆಕ್ಟರ್ ಆಗ್ತಿದ್ಲು," ಎಂದು ಶಮೀಮ್ ಚುಚ್ಚುತ್ತಿದ್ದಳು. ಮನೆಯಲ್ಲಿ ನಮ್ಮದು ದಖನಿ ಮಾತು. ಇಲ್ಲಿ ಅದನ್ನು ನಮ್ಮೂರ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಂಪ್ಯೂಟರ್ ಬಂದ ಹೊಸತರಲ್ಲಿ ಆಸ್ಮಾಳಿಗೆ ದಿನಕ್ಕೆ ಅರ್ಧ ಗಂಟೆ ಆಟಕ್ಕೆ ಬಿಡುತ್ತಿದ್ದೆ. ಯಾರೋ ಸಿಡಿಯಲ್ಲಿ ಹಾಕಿಕೊಟ್ಟಿದ್ದ ಒಂದು ಕಾರ್ ರೇಸಿನ ಆಟ ಅವಳ ಪಾಲಿಗೆ ಸ್ವರ್ಗ. ಅರ್ಧ ಗಂಟೆ ಮುಕ್ಕಾಲಾಯಿತು, ಮುಕ್ಕಾಲು ಒಂದಾಯಿತು. ನಾನು ಪಾಸ್‌ವರ್ಡ್ ಹಾಕಿದೆ. ಮೊದಲು ನನ್ನ ತಾಯಿಯ ಹೆಸರು. ಎರಡು ದಿನದಲ್ಲಿ ಕಂಡುಹಿಡಿದಳು. ಬಕ್ರೀದಿಗೆ ತಂದು ಸಾಕಿದ್ದ ಹೋತದ ಹೆಸರಿಟ್ಟೆ. ಅದನ್ನು ಮರುದಿನವೇ ಹಿಡಿದಳು. ಕೊನೆಗೆ ಆಟದ ಚಿತ್ರವನ್ನೇ ತೆರೆಯ ಮೇಲಿಂದ ತೆಗೆದು, ಹೊರಗೆ ಹೋಗುವಾಗ ಕೀಬೋರ್ಡನ್ನು ಕಿತ್ತು ಅಲಮಾರಿಯಲ್ಲಿಟ್ಟು ಬೀಗ ಜಡಿಯತೊಡಗಿದೆ. ಓಣಿಯವರೆಲ್ಲ ನನ್ನ ಶಿಸ್ತನ್ನು ಹೊಗಳಿದರು. ಆಸ್ಮಾ ಕಂಪ್ಯೂಟರಿಗಾಗಿ ಹಂಬಲಿಸುತ್ತಿದ್ದದ್ದು ಬರೀ ಆಟಕ್ಕಲ್ಲ ಎಂಬುದು ನನಗೆ ಗೊತ್ತಿತ್ತು. ಅವಳು ನನ್ನ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಕನ್ನಡ ಕೀಲಿಗಳನ್ನು ಕಲಿತಿದ್ದಳು. ಶಾಲೆಯ ಕಾರ್ಯಕ್ರಮದ ಒಂದು ಕರಪತ್ರವನ್ನು ತಾನೇ ಕಂಪೋಸ್ ಮಾಡಿ, ಅಂಚಿಗೆ ಬಳ್ಳಿ ಹಚ್ಚಿ ತೋರಿಸಿದ್ದಳು. ಒಂದು ಪೂರ್ತಿ ಮದುವೆ ಕಾರ್ಡು ತನಗೆ ಬಿಟ್ಟುಕೊಡಬೇಕು ಎಂಬುದು ಅವಳ ಆಸೆ. "ದೊಡ್ಡಾಕಿ ಆಗು, ನೋಡೋಣು," ಎಂದು ನಾನು ತಳ್ಳುತ್ತಿದ್ದೆ.

ಈಗ ನನ್ನ ವಿಷಯ. ಆ ಯಂತ್ರದೊಳಗೆ ಮೊದಲಿನಿಂದಲೇ ಒಂದು ಇಸ್ಪೀಟಿನ ಆಟ ಇತ್ತು. ಒಬ್ಬನೇ ಕುಳಿತು, ಎಲೆಗಳನ್ನು ಬಣ್ಣ ನೋಡಿ ಇಳಿಕ್ರಮದಲ್ಲಿ ಜೋಡಿಸಿ, ಕೊನೆಗೆ ನಾಲ್ಕು ಗುಂಪು ಮಾಡುವ ಆಟ. ಕೈಯಲ್ಲಿ ಇಸ್ಪೀಟು ಹಿಡಿಯುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ನಾನು, ಇದರಲ್ಲಿ ಕಾಗದವೇ ಇಲ್ಲವಲ್ಲ, ಇದು ಇಸ್ಪೀಟು ಹೇಗಾದೀತು ಎಂದು ನನಗೆ ನಾನೇ ಫತ್ವಾ ಕೊಟ್ಟುಕೊಂಡಿದ್ದೆ. ಶಮೀಮ್ ಮಧ್ಯಾಹ್ನ ಅಡ್ಡಾದಾಗ, ಆಸ್ಮಾ ಶಾಲೆಯಲ್ಲಿದ್ದಾಗ, ಗಿರಾಕಿ ಚಹಾ ಕುಡಿಯಲು ಎದ್ದು ಹೋದಾಗ ಆಡುತ್ತಿದ್ದೆ. ಬಿಸಿಲು ಬೀಳುತ್ತದೆ ಎಂಬ ನೆಪ ಹೇಳಿ ಮಾನಿಟರನ್ನು ಬಾಗಿಲಿಗೆ ಕಾಣದ ಹಾಗೆ ಓರೆಯಾಗಿ ತಿರುಗಿಸಿಟ್ಟಿದ್ದೆ. ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಒಂದೇ ಒತ್ತಿಗೆ ಎಲೆಗಳು ಮಾಯವಾಗಿ ಯಾರದೋ ಮದುವೆಯ ಗಣಪತಿ ತೆರೆಯ ಮೇಲೆ ಬಂದು ಕೂಡುತ್ತಿದ್ದ. ಊಟಕ್ಕೆ ಕರೆದರೆ "ಪ್ರೂಫ್ ನೋಡ್ತಿದ್ದೀನಿ" ಎನ್ನುತ್ತಿದ್ದೆ. ಇದು ಒಂದು ವಾರದ ಮಾತಲ್ಲ. ಎರಡು ವರ್ಷ ನಡೆಯಿತು.

ಕಮಲಾಪುರದ ಶಿವಶರಣಪ್ಪನವರು ಮಗಳ ಮದುವೆ ಕಾರ್ಡು ಮಾಡಿಸಲು ಬಂದದ್ದು ಆ ದಿನಗಳಲ್ಲಿ. ಕೆಂಪು ಬಾಳೆಯ ತೋಟದವರು, ಬರುವಾಗ ಒಂದು ಚಿಪ್ಪು ಹಣ್ಣು ಕೈಯಲ್ಲಿ ಹಿಡಿದೇ ಬರುವವರು. ಅವರ ಕಡೆಯ ಕಾರ್ಡುಗಳಲ್ಲಿ ಮದುಮಗಳ ಹೆಸರಿಗಿಂತ ಹೆಚ್ಚಿನ ಜಗಳ ಹಿರಿಯರ ಹೆಸರುಗಳದ್ದು. ಯಾರು ಮೊದಲು, ಯಾರು ಆಮೇಲೆ, ಯಾರಿಗೆ ದಪ್ಪ ಅಕ್ಷರ. ತೀರಿಕೊಂಡ ಹಿರಿಯರ ಹೆಸರಿನ ಮುಂದೆ ಲಿಂಗೈಕ್ಯ ಎಂಬುದಕ್ಕೆ 'ಲಿಂ.' ಎಂದು ಹಾಕಬೇಕು. ಶಿವಶರಣಪ್ಪನವರ ಪಟ್ಟಿಯಲ್ಲಿ ತೀರಿಕೊಂಡ ತಂದೆ ಬಸಪ್ಪನವರು ಮೊದಲು, ಬದುಕಿದ್ದ ಅಣ್ಣ ಗುರುಲಿಂಗಪ್ಪನವರು ಎರಡನೆಯವರು. ಪ್ರೂಫ್ ಓದಿ, ಸರಿಯಿದೆ ಎಂದು ಸಹಿ ಹಾಕಿ ಹೋದರು. ಮರುದಿನ ಮಧ್ಯಾಹ್ನ ಫೋನು ಬಂತು.

"ಮಾಸ್ತರ, ಒಂದು ಸಣ್ಣ ಕೆಲಸ. ನಮ್ಮ ಅಣ್ಣನ ಹೆಸರು ಮ್ಯಾಲ ಬರ್ಲಿ ಅಂತ ಮನ್ಯಾಗ ಗದ್ದಲ ನಡದದ. ಅಪ್ಪನ್ನ ಕೆಳಗ ಇಳಸ್ರಿ, ಅಣ್ಣನ್ನ ಮ್ಯಾಲ ಏರಸ್ರಿ. ಅಷ್ಟೇ."

"ಆತು ಬಿಡ್ರಿ," ಎಂದೆ. ಆಗ ನನ್ನ ಆಟ ಗೆಲ್ಲುವ ಹಂತಕ್ಕೆ ಬಂದಿತ್ತು. ಎಲೆಗಳನ್ನು ಅಲ್ಲಿಗೇ ನಿಲ್ಲಿಸಿ, ಕಾರ್ಡು ತೆರೆದು, ಮೇಲಿನ ಹೆಸರು ಅಳಿಸಿ ಕೆಳಗಿನದನ್ನು ಅಲ್ಲಿ ಬರೆದೆ, ಕೆಳಗಿನದನ್ನು ಅಳಿಸಿ ಮೇಲಿನದನ್ನು ಇಲ್ಲಿ ಬರೆದೆ. ಎರಡು ನಿಮಿಷದ ಕೆಲಸ. ಮತ್ತೊಮ್ಮೆ ಓದಿ ನೋಡಲಿಲ್ಲ. ಕಪನೂರದ ಪ್ರೆಸ್ಸಿನ ಮನುಷ್ಯ ಬಂದು ಬಾಗಿಲಲ್ಲಿ ನಿಂತಿದ್ದ, ಅಚ್ಚಿಗೆ ಹೋಗುವ ಪ್ರತಿಯನ್ನು ಟ್ರೇಸಿಂಗ್ ಪೇಪರಿನ ಮೇಲೆ ತೆಗೆದು ಕೊಟ್ಟು ಕಳಿಸಿ ಇಸ್ಪೀಟಿಗೆ ಮರಳಿದೆ. ಅಷ್ಟರಲ್ಲಿ ಯಾರೋ ಕರೆದರು, ಆಟವನ್ನು ಹಾಗೇ ಬಚ್ಚಿಟ್ಟು ಎದ್ದು ಹೋದೆ. ಅವಸರದಲ್ಲಿ ಕೀಬೋರ್ಡ್ ಕಿತ್ತಿಡುವುದು ಮರೆತಿತ್ತು, ಆ ಸಂಜೆ ಮರಳಿ ಬಂದಾಗ ಆಸ್ಮಾ ಕಾರಿನ ಆಟ ಆಡುತ್ತ ಕುಳಿತಿದ್ದಳು.

ಐದನೆಯ ದಿನ ಶಿವಶರಣಪ್ಪನವರು ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಬಾಳೆಹಣ್ಣಿರಲಿಲ್ಲ, ಕಾರ್ಡಿತ್ತು. ಅದರ ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿತ್ತು.

"ಓದ್ರಿ ಮಾಸ್ತರ. ಜೋರಾಗಿ ಓದ್ರಿ."

ಓದಿದೆ. 'ಲಿಂ. ಗುರುಲಿಂಗಪ್ಪ' ಎಂದಿತ್ತು. ಅದರ ಕೆಳಗೆ ಬರಿಯ 'ಬಸಪ್ಪ'. ಹೆಸರುಗಳು ಮೇಲೆ ಕೆಳಗೆ ಆಗಿದ್ದವು, 'ಲಿಂ.' ಮಾತ್ರ ಇದ್ದಲ್ಲೇ ಉಳಿದಿತ್ತು.

"ನಮ್ಮಪ್ಪ ಹೋಗಿ ಹದಿನೈದು ವರ್ಷ ಆತು, ಅಂವನ್ನ ಎಬ್ಬಿಸಿ ಕೂಡಿಸೀರಿ. ಅಣ್ಣ ಮುಂಜಾನೆ ಎರಡು ರೊಟ್ಟಿ ಉಳ್ಳಾಗಡ್ಡಿ ತಿಂದು ತೋಟಕ್ಕ ಹೋಗ್ಯಾನ, ಅಂವನ್ನ ಮಲಗಿಸೀರಿ! ಹಿರೀ ಮನುಷ್ಯಾ ಅಂತ ಮೊದಲನೇ ಕಾರ್ಡು ಅಂವನ ಕೈಯಾಗೇ ಕೊಟ್ಟೀವ್ರಿ. ಕನ್ನಡಕ ಹಾಕ್ಕೊಂಡು ತನ್ನ ಹೆಸರು ತಾನೇ ಓದ್ಯಾನ. ಮದುವಿಗೆ ಬರಂಗಿಲ್ಲ, ಸತ್ತಾಂವ ಹೆಂಗ ಬರ್ಲಿ ಅಂತ ಕುಂತಾನ."

ಶಮೀಮ್ ಪರದೆಯ ಹಿಂದೆ ಬಂದು ನಿಂತದ್ದು ಕಾಣಿಸಿತು. ಆಸ್ಮಾ ಶಾಲೆಗೆ ಹೊರಟವಳು ಚೀಲ ಹೊತ್ತು ನಿಂತಿದ್ದಳು. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತನ್ನು ಬರೆಯುವುದಕ್ಕೇ ಈ ಅಧ್ಯಾಯ.

"ಈ ಹುಡುಗಿ ಗೇಮ್ ಆಡಾಕ ಕುಂತಿದ್ಲ್ರೀ. ಏನೋ ಒತ್ಯಾಳ, ಅಕ್ಷರ ಕದಲ್ಯಾವ."

"ಮೈಂ ನೈ ಅಬ್ಬಾ," ಎಂದಳು ಆಸ್ಮಾ. ನಾನಲ್ಲ ಅಬ್ಬಾ. ಒಂದೇ ಸಲ, ಮೆಲ್ಲಗೆ. ನಾನು ಕೈಯೆತ್ತಿದೆ. ಹೊಡೆಯಲಿಲ್ಲ ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಎತ್ತಿದ ಕೈಯನ್ನು ಅವಳು ನೋಡಿದ್ದಳಲ್ಲ, ಸಾಕು. ಇನ್ನು ಮುಂದೆ ನೀನು ಇದನ್ನು ಮುಟ್ಟುವ ಹಾಗಿಲ್ಲ, ಆಟಕ್ಕೂ ಇಲ್ಲ, ಕಲಿಯುವುದಕ್ಕೂ ಇಲ್ಲ ಎಂದು ಗಿರಾಕಿಯ ಮುಂದೆಯೇ ತೀರ್ಪು ಕೊಟ್ಟೆ. ಅವಳು ಚೀಲ ಸರಿಮಾಡಿಕೊಂಡು ಶಾಲೆಗೆ ಹೋದಳು.

ಶಿವಶರಣಪ್ಪನವರ ಸಿಟ್ಟು ಅಲ್ಲಿಗೇ ಇಳಿಯಿತು. ಮಗುವಿನ ತಪ್ಪಿಗೆ ಯಾರು ಏನು ಅನ್ನುತ್ತಾರೆ. ಆದರೆ ಸಂಜೆ ಮತ್ತೆ ಅವರ ಫೋನು ಬಂತು.

"ಮಾಸ್ತರ, ಅಣ್ಣ ಒಂದ್ ಮಾತು ಅಂದಾನ. ನನ್ನ ಸಾಯ್ಸಿದ ಹುಡುಗಿನ್ನ ಕರಕೊಂಡು ಬರ್ರಿ, ನಾ ಆಕಿನ್ನ ನೋಡ್ಬೇಕು ಅಂತ."

ಭಾನುವಾರ ನಾವಿಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು. ಹೊರಡುವಾಗ ಶಮೀಮ್ ಮಗಳ ತಲೆ ಬಾಚಿ, ರಿಬ್ಬನ್ ಕಟ್ಟಿ, ನನ್ನ ಕಡೆ ನೋಡದೆ ಹೇಳಿದಳು: "ತಪ್ಪು ಮಾಡಿದೋರು ತಪ್ಪು ಒಪ್ಕೊಂಡು ಬರ್ರಿ." ಅವಳಿಗೆ ಎಷ್ಟು ಗೊತ್ತಿತ್ತೋ, ನಾನು ಇವತ್ತಿನವರೆಗೂ ಕೇಳಿಲ್ಲ. ಬಸ್ಸಿನಲ್ಲಿ ಆಸ್ಮಾ ಕಿಟಕಿಯ ಕಂಬಿ ಹಿಡಿದು ಕುಳಿತಿದ್ದಳು. ಅರ್ಧ ದಾರಿಗೆ ನನ್ನ ಕಡೆ ತಿರುಗಿದಳು.

"ಅಬ್ಬಾ, ಅಲ್ಲಿ ಏನು ಹೇಳ್ಲಿ?"

"ತಪ್ಪಾತು ಅನ್ನು."

"ಯಾವ ಆಟ ಆಡ್ತಿದ್ದಿ ಅಂತ ಕೇಳಿದ್ರ?"

"ಕಾರಿನ ಆಟ ಅನ್ನು."

"ಇಸ್ಪೀಟ್ ಅಂತ ಹೇಳ್ಬಾರದು, ಹೌದಿಲ್ಲೋ?"

ಅವಳ ದನಿಯಲ್ಲಿ ಕುಹಕವಿರಲಿಲ್ಲ, ಪಾಠ ಸರಿಯಾಗಿ ಕಲಿತುಕೊಳ್ಳುವ ಹುಡುಗಿಯ ಎಚ್ಚರವಿತ್ತು. ಆ ಸಂಜೆ ಅವಳು ಕಂಪ್ಯೂಟರಿನ ಮುಂದೆ ಕುಳಿತಾಗ ನನ್ನ ಆಟ ಹಾಗೇ ತೆರೆದಿತ್ತಂತೆ, ಶಿವಶರಣಪ್ಪನವರ ಕಾರ್ಡಿನ ಹಿಂದೆ. ಅಮ್ಮಿ ನೋಡಿಯಾಳೆಂದು ತಾನೇ ಮುಚ್ಚಿದಳಂತೆ. "ನಾ ಯಾರಿಗೂ ಹೇಳಿಲ್ಲ ಅಬ್ಬಾ," ಎಂದಳು. ನಾನು ಕಂಡಕ್ಟರನ ಕಡೆ ಮುಖ ತಿರುಗಿಸಿದೆ. ಅಲ್ಲೇ, ಆ ಸೀಟಿನಲ್ಲೇ ನಾನು ನಿಜ ನುಡಿಯಬಹುದಿತ್ತು. ನುಡಿಯಲಿಲ್ಲ. ಬಸ್ಸಿನಿಂದ ಇಳಿದು ಅವರ ಮನೆಯವರೆಗೂ ನಡೆದೆ, ಅವಳ ಕೈ ಹಿಡಿದುಕೊಂಡು.

ಗುರುಲಿಂಗಪ್ಪನವರು ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದರು. ಎಂಬತ್ತರ ಆಸುಪಾಸು, ನಮ್ಮ ಕಡೆ ಮುತ್ಯಾ ಎಂದು ಕರೆಯುವ ಅಜ್ಜನ ವಯಸ್ಸು, ಬಿಳಿ ಮೀಸೆ, ಹಣೆ ತುಂಬ ವಿಭೂತಿ. ಪಡಸಾಲೆಯ ತೊಲೆಗೆ ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದವು. ಮದುವೆಗೆ ಮುಂಚಿತವಾಗಿ ಬಂದಿದ್ದ ಹೆಂಗಸರು ಹಪ್ಪಳ ಒಣಹಾಕುವುದನ್ನು ಬಿಟ್ಟು ನಮ್ಮನ್ನು ನೋಡಲು ಸುತ್ತ ನಿಂತರು.

"ಇಕಿನೇನು ನನ್ನ ಮಣ್ಣು ಮಾಡ್ದಾಕಿ? ಬಾ ಇಲ್ಲಿ. ನನ್ನ ಕೈ ಹಿಡದು ನೋಡು, ಬೆಚ್ಚಗದನೋ, ತಣ್ಣಗದನೋ?"

ಆಸ್ಮಾ ಮುಂದೆ ಹೋಗಿ ಅವರ ದೊಡ್ಡ ಅಂಗೈಯನ್ನು ಎರಡೂ ಕೈಯಿಂದ ಹಿಡಿದಳು.

"ಬೆಚ್ಚಗದ, ಮುತ್ಯಾ."

ಹೆಂಗಸರು ನಕ್ಕರು. ಮುತ್ಯಾ ನಗಲಿಲ್ಲ.

"ಮತ್ತ ಯಾಕ ಸಾಯ್ಸಿದಿ? ಏನು ಆಟ ಆಡ್ತಿದ್ದಿ?"

"ಕಾರಿನ ಆಟ."

"ಗೆದ್ದಿ ಏನು ಸೋತಿ?"

ಅದಕ್ಕೆ ನಾನು ಉತ್ತರ ಕಲಿಸಿಕೊಟ್ಟಿರಲಿಲ್ಲ. ಅವಳು ತಿರುಗಿ ನನ್ನನ್ನು ನೋಡಿದಳು. ಏನು ಹೇಳಬೇಕು ಎಂದು ಕೇಳುವ ನೋಟ, ಬೇರೇನಿಲ್ಲ. ಆ ಮುಖದಲ್ಲಿ ಒಂದು ಚೂರು ದೂರು ಇದ್ದಿದ್ದರೂ ನಾನು ಸುಮ್ಮನೆ ಉಳಿಯುತ್ತಿದ್ದೆನೇನೋ. ಇರಲಿಲ್ಲ. "ಸೋತೆ ಮುತ್ಯಾ," ಎಂದಳು, ನನ್ನ ಸಲುವಾಗಿ.

"ಆಕಿ ಅಲ್ರೀ," ಎಂದೆ. ಮುಂದೆ ಹೋಗಿ ಮಗಳ ಪಕ್ಕ ನಿಂತೆ. "ಆಕಿ ಅಲ್ರೀ ಗುರುಲಿಂಗಪ್ಪನೋರ. ನಾನು. ನಾ ಇಸ್ಪೀಟ್ ಆಡ್ತಿದ್ದೆ. ಆಡ್ಕೋತನೇ ಹೆಸರು ಬದಲು ಮಾಡೀನಿ. ಎರಡು ವರ್ಷದಿಂದ ಆಡಾಕತ್ತೀನಿ. ನನ್ನ ತಪ್ಪು ಆಕಿ ಮ್ಯಾಲ ಹಾಕೀನಿ."

ಮುತ್ಯಾ ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಇಸ್ಪೀಟು? ಯಾರ್ ಕೂಡ?"

"ಯಾರೂ ಇಲ್ರಿ. ಒಬ್ಬನ."

"ಒಬ್ಬನ ಕುಂತು ಇಸ್ಪೀಟು? ಹಂಗಾರ ಸೋಲಸೂದು ಯಾರ್ನೋ ಮಾರಾಯಾ?"

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಶಿವಶರಣಪ್ಪನವರೂ ನಕ್ಕರು. ಆಸ್ಮಾಳೂ ನಕ್ಕಳು, ಅವಳು ನಕ್ಕದ್ದನ್ನು ಆ ವಾರದಲ್ಲಿ ನಾನು ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಗೇ ಎದೆಯ ಮೇಲಿಂದ ಬೀಸುವ ಕಲ್ಲು ಇಳಿಸಿದ ಹಾಗೆ ಹಗುರಾಗಿ, ನಾನೂ ನಗತೊಡಗಿದೆ. ಮುತ್ಯಾ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ನನ್ನ ಸಾಯ್ಸಿದ್ದು ನಗೋ ಮಾತು. ಕೂಸಿನ ಮ್ಯಾಲ ಹಾಕಿದ್ದು ನಗೋ ಮಾತಲ್ಲ, ತಿಳೀತೇನು? ಹೊಸಾ ಕಾರ್ಡು ಈ ಹುಡುಗಿನೇ ಬರೀಲಿ. ನೀ ಮುಟ್ಟಬ್ಯಾಡ. ಮುಟ್ಟಿದಿ ಅಂದ್ರ ನಾ ಮದುವಿಗೆ ಬರಂಗಿಲ್ಲ."

"ಮುಟ್ಟಂಗಿಲ್ರಿ," ಎಂದೆ. ನನ್ನ ಜೀವನದಲ್ಲಿ ಕೊಟ್ಟು ಉಳಿಸಿಕೊಂಡ ಮಾತುಗಳಲ್ಲಿ ಅದೊಂದು.

ಆಸ್ಮಾ ಅಲ್ಲೇ ಕೆಲಸ ಶುರು ಮಾಡಿದಳು. ಶಿವಶರಣಪ್ಪನವರಿಂದ ಪೆನ್ನು ಇಸಿದುಕೊಂಡು, ಹೊರಸಿನ ತುದಿಗೆ ಕುಳಿತು, ಹಾಳಾದ ಕಾರ್ಡಿನ ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಕೇಳಿದಳು: "ಮುತ್ಯಾ, ಇವ್ರು ಅದಾರೇನ್ರಿ?" "ಅದಾನ, ಅಲ್ಲಿ ಎಮ್ಮಿ ಹಿಂಡಾಕತ್ತಾನ ನೋಡು." "ಇವ್ರು?" "ಹೋದ ವರ್ಷ ಹೋದ." "ಇವ್ರು?" "ಆಕಿನೇ ನಿನಗ ಚಹಾ ತಂದಾಕಿ." ಮೂವತ್ತೆರಡು ಹೆಸರು. ಇದ್ದವರ ಮುಂದೆ ಒಂದು ಗೆರೆ, ಹೋದವರ ಮುಂದೆ ಒಂದು ಸೊನ್ನೆ. ಇಪ್ಪತ್ತು ವರ್ಷ ಅಕ್ಷರ ಜೋಡಿಸಿದ ನನಗೆ ಹೊಳೆಯದೇ ಹೋದ ಆ ಪದ್ಧತಿಯನ್ನು ಅವಳು ಕುಳಿತಲ್ಲೇ ಕಂಡುಹಿಡಿದಿದ್ದಳು. ಅವತ್ತಿನಿಂದ ನಮ್ಮ ಅಂಗಡಿಯಲ್ಲಿ ಹಿಂದೂ ಕಾರ್ಡಿರಲಿ, ಮುಸಲ್ಮಾನರ ಮದುವೆಪತ್ರ ರುಕ್ಕಾ ಇರಲಿ, ಗಿರಾಕಿಯನ್ನು ಎದುರಿಗೆ ಕೂಡಿಸಿ ಪ್ರತಿ ಹೆಸರಿಗೂ ಇದ್ದಾರೆಯೇ ಎಂದು ಕೇಳದೆ ಒಂದು ಕಾರ್ಡೂ ಹೊರಗೆ ಹೋಗಿಲ್ಲ. ಕೇಳಿಸಿಕೊಂಡ ಕೆಲವರು ನಕ್ಕರು, ಕೆಲವರು ಹೋದವರನ್ನು ನೆನೆದು ಕಣ್ಣು ಒರೆಸಿಕೊಂಡರು.

ಅದೇ ಮಧ್ಯಾಹ್ನ ಮನೆಗೆ ಬಂದು ಆಸ್ಮಾ ಕಂಪ್ಯೂಟರಿನ ಮುಂದೆ ಕುಳಿತಳು. ಕುರ್ಚಿ ತಗ್ಗಾಯಿತೆಂದು ಶಮೀಮ್ ಎರಡು ದಿಂಬು ತಂದು ಹಾಕಿದಳು. ನಾನು ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಹಿಂದೆ ನಿಂತೆ, ಅವಳು ಎಷ್ಟೋ ಸಲ ನನ್ನ ಹಿಂದೆ ನಿಂತ ಹಾಗೆ. ಗುರುಲಿಂಗಪ್ಪನವರ ಹೆಸರಿನ ಮುಂದಿನ 'ಲಿಂ.' ಎಂಬುದನ್ನು ಅಳಿಸಿ, ಬಸಪ್ಪನವರಿಗೆ ಅದನ್ನು ಹಿಂದಿರುಗಿಸಿ, ಅಂಚಿಗೆ ಬಾಳೆಗೊನೆಯ ಚಿತ್ರ ಹಚ್ಚಿದಳು. ಒಂದೂ ತಪ್ಪಿಲ್ಲ. ಹೊಸ ಕಾರ್ಡುಗಳು ಕಮಲಾಪುರ ಸೇರಿದ ಮೇಲೆ ಗುರುಲಿಂಗಪ್ಪನವರು ಅವನ್ನು ಯಾರ ಕೈಗೂ ಕೊಡಲಿಲ್ಲವಂತೆ. ಸ್ವತಃ ಹೆಗಲ ಮೇಲೆ ಚೀಲ ಹಾಕಿಕೊಂಡು, ಸಂತೆಯ ದಿನ ಊರೆಲ್ಲ ತಿರುಗಿ, ಮನೆಮನೆಯ ಮುಂದೆ ನಿಂತು "ಓದ್ರಿ, ಓದಿ ನನ್ನ ಮಾರಿ ನೋಡ್ರಿ" ಎಂದು ಹಂಚಿದರಂತೆ. ಮದುವೆಯಲ್ಲಿ ಆಸ್ಮಾಳನ್ನು ಹಿರಿಯರ ಸಾಲಿನಲ್ಲಿ ತಮ್ಮ ಪಕ್ಕಕ್ಕೇ ಕೂಡಿಸಿಕೊಂಡು, ಬಂದವರಿಗೆಲ್ಲ ತೋರಿಸಿದರು: "ನನ್ನ ಎಬ್ಬಿಸಿದ ಡಾಕ್ಟರ ಇಕಿನೇ." ನನ್ನನ್ನು ತೋರಿಸಿ ಏನು ಅಂದರೆಂದು ಬರೆಯುವುದಿಲ್ಲ. ಅಂದದ್ದು ಖರೆಯೇ ಇತ್ತು.

ಆಟದ ಕಾಯಿದೆಯನ್ನು ಮನೆಯಲ್ಲಿ ಮತ್ತೆ ಬರೆದವಳು ಶಮೀಮ್. ಹೊಸ ಪಾಸ್‌ವರ್ಡನ್ನು ಉರ್ದುವಿನಲ್ಲಿ ತನ್ನ ಮನಸ್ಸಿನಲ್ಲಿಟ್ಟುಕೊಂಡಳು, ಬರೆದಿಡಲಿಲ್ಲ. ಕೆಲಸಕ್ಕಾದರೆ ಯಾವಾಗ ಬೇಕಾದರೂ ತೆರೆದುಕೊಡುತ್ತಾಳೆ. ಆಟಕ್ಕಾದರೆ ಶುಕ್ರವಾರ ನಮಾಜು ಮುಗಿದು, ಬಗಾರಾ ಅನ್ನ ಉಂಡ ಮೇಲೆ, ತಲೆಗೆ ಅರ್ಧ ಗಂಟೆ. ಅಪ್ಪ ಮಗಳು ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ಸಾಲಾಗಿ ನಿಂತು ಅವಳನ್ನು ಕೇಳಬೇಕು. ನಾನು ನಿಂತೆ. ಎಷ್ಟೋ ಶುಕ್ರವಾರ ನಿಂತೆ. ಪಕ್ಕದ ಮನೆಯವರು ಇಣುಕಿ ನೋಡಿ "ರಶೀದ್ ಭಾಯಿ, ಈ ವಾರ ಪಾಸಾ ಫೇಲಾ?" ಎಂದು ಕೂಗಿದರೆ "ಪಾಸ್" ಎಂದು ಎದೆಯೆತ್ತಿ ಕೂಗುತ್ತಿದ್ದೆ. ಬಚ್ಚಿಡಲು ಏನೂ ಇಲ್ಲದ ಮನುಷ್ಯನಿಗೆ ಎಷ್ಟು ಧೈರ್ಯ ಬರುತ್ತದೆಂಬುದು ನನಗೆ ತಿಳಿದದ್ದು ಆ ಬಾಗಿಲಲ್ಲಿ.

ಅಂಥದೇ ಒಂದು ಶುಕ್ರವಾರ ನನ್ನ ಸರದಿಯಲ್ಲಿ ಆಡುತ್ತಿದ್ದೆ. ಎಲೆಗಳು ಯಾವತ್ತೂ ಬೀಳದಷ್ಟು ಚೆನ್ನಾಗಿ ಬಿದ್ದಿದ್ದವು. ಇನ್ನು ನಾಲ್ಕು ಎಲೆ ಏರಿಸಿದರೆ ಆಟ ನನ್ನದು. ಹೊರಗೆ ಚಪ್ಪಲಿ ಕಳಚಿದ ಸಪ್ಪಳವಾಯಿತು, ಮದುವೆ ಮಾಡುವ ಮನೆಯವರು, ಗಂಡ ಹೆಂಡತಿ, ಹೆಸರಿನ ಪಟ್ಟಿ ಹಿಡಿದು ಒಳಗೆ ಬಂದರು. "ಕಾರ್ಡು ಬರಿಯೋರು ಯಾರ್ರೀ?" ಎಂದು ಕೇಳಿದರು. ಆಸ್ಮಾ ನಡುಮನೆಯಿಂದ ಬಂದು, ದುಪಟ್ಟಾ ತಲೆಗೆ ಸರಿಮಾಡಿಕೊಂಡು, ನನ್ನ ಕುರ್ಚಿಯ ಪಕ್ಕ ನಿಂತಳು.

"ಅಬ್ಬಾ, ಏಳ್ರಿ," ಎಂದಳು. "ಗಿರಾಕಿ ಬಂದಾರ."

"ಬರಿಯಾಕಿ ಇಕಿರೀ, ನನ್ನ ಮಗಳು," ಎಂದು ಬಂದವರಿಗೆ ಹೇಳಿ, ನಾಲ್ಕು ಎಲೆ ಅಲ್ಲೇ ಬಿಟ್ಟು ಎದ್ದೆ.